ಲಿಲಿಯ ರಕ್ಷೆ, ನೆವಿಲ್‌ನ ಜೇಬು

ತುಮಕೂರಿನಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿರುವ ನನ್ನ ಬಳಿಗೆ, ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಗುಬ್ಬಿ, ಶಿರಾ, ಕೊರಟಗೆರೆ ಕಡೆಯಿಂದ ಅಜ್ಜಿಯರೋ ಸೋದರಮಾವಂದಿರೋ ಕರೆತರುವುದುಂಟು. ಓದುವ ಹವ್ಯಾಸವಿರುವ ಮಕ್ಕಳಾದರೆ ಅವರ ಮಾತಿನಲ್ಲಿ ಜೆ.ಕೆ. ರೌಲಿಂಗ್ ಕಾದಂಬರಿಗಳ ಬಾಲಮಾಂತ್ರಿಕ ಹ್ಯಾರಿ ಪಾಟರ್ ಬೇಗನೆ ಬಂದುಬಿಡುತ್ತಾನೆ. ಅವನೂ ತಬ್ಬಲಿ, ದೊಡ್ಡಮ್ಮನ ಮನೆಯಲ್ಲಿ ಬೆಳೆದವನು.

1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಈ ಕಥೆಯಲ್ಲಿ ಮಗು ಹ್ಯಾರಿಯನ್ನು ಉಳಿಸಿದ್ದು ಮಂತ್ರದಂಡವಲ್ಲ. ಪಕ್ಕಕ್ಕೆ ಸರಿದರೆ ನಿನ್ನ ಜೀವಕ್ಕೆ ಅಪಾಯವಿಲ್ಲವೆಂದು, ಮಗುವನ್ನು ಕೊಲ್ಲಲು ಬಂದ ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್ ಹೇಳಿದರೂ ತಾಯಿ ಲಿಲಿ ಸರಿಯದೆ ಪ್ರಾಣ ಕೊಟ್ಟಳು. ಆ ಆಯ್ಕೆಯೇ ರಕ್ಷೆಯಾಗಿ, ಅವಳ ಅಕ್ಕನ ಮನೆಯನ್ನು ಹ್ಯಾರಿ ತನ್ನದೆನ್ನುವಷ್ಟು ಕಾಲ, ಹದಿನೇಳು ತುಂಬುವ ತನಕ ಅವನನ್ನು ಕಾಯುತ್ತದೆ. ದೊಡ್ಡವರು ಇದನ್ನು ಓದಿ ಕಣ್ಣೊರೆಸಿಕೊಳ್ಳುತ್ತಾರೆ. ಮಗು ಲೆಕ್ಕ ಹಾಕುತ್ತದೆ: "ನಮ್ಮಮ್ಮ ಜ್ವರ ಬಂದು ತೀರಿಕೊಂಡಿದ್ದು ಮೇಡಂ, ನನ್ನ ಉಳಿಸೋಕೆ ಅಲ್ಲ. ಹಂಗಾದ್ರೆ ನಂಗೆ ಆ ರಕ್ಷೆ ಇರಲ್ವಾ?"

ತನ್ನ ಮನಸ್ಸಿನಲ್ಲಿ ಬಂದದ್ದೇ ಹೊರಗೆ ನಡೆಯುತ್ತದೆಂದು ನಂಬುವುದು ಎಳೆಯ ಮಕ್ಕಳಿಗೆ ಸಹಜ. ದುಃಖದಲ್ಲಿ ಸ್ವಲ್ಪ ದೊಡ್ಡ ಮಕ್ಕಳೂ ಆ ನಂಬಿಕೆಗೆ ಮರಳುತ್ತಾರೆ. ಸಿಟ್ಟಿನಲ್ಲಿ "ನೀನು ಬೇಡ ಹೋಗು" ಎಂದಿದ್ದಕ್ಕೇ ಅಮ್ಮ ಹೋದಳೆಂದು ಒಳಗೊಳಗೇ ತೀರ್ಮಾನಿಸಿದ ಮಗುವಿಗೆ "ದೇವರು ಕರೆದುಕೊಂಡ" ಎಂಬ ಸಮಾಧಾನ ಸಾಲದು. ಯಾವ ಕಾಯಿಲೆ ಬಂದಿತ್ತು, ದೇಹಕ್ಕೆ ಏನಾಯಿತು, ಯಾವ ಔಷಧ ನಾಟಲಿಲ್ಲ ಎಂಬುದನ್ನು ಅದರ ವಯಸ್ಸಿಗೆ ತಕ್ಕಂತೆ, ಮತ್ತೆ ಮತ್ತೆ ಕೇಳಿದರೂ ಬೇಸರಿಸದೆ ಹೇಳಬೇಕಾಗುತ್ತದೆ.

ಆರನೆಯ ಸಂಪುಟದ ಒಂದು ಜಾಗದಲ್ಲಿ ನನಗೆ ತಕರಾರಿದೆ. ವೋಲ್ಡೆಮಾರ್ಟ್‌ನನ್ನು ಹೆತ್ತು ಅನಾಥಾಲಯದಲ್ಲೇ ಕಣ್ಮುಚ್ಚಿದ ಮೆರೋಪಿ, ಮಗನಿಗಾಗಿಯಾದರೂ ಬದುಕಲು ಮನಸ್ಸು ಮಾಡಲಿಲ್ಲ ಎಂಬ ಧ್ವನಿ ಅಲ್ಲಿದೆ. ಅವಳ ಬಗ್ಗೆ ಕಠಿಣವಾಗಬೇಡವೆಂದು ಹ್ಯಾರಿಗೆ ಅವನ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಹೇಳುತ್ತಾನೆ, ನಿಜ. ಆದರೂ ಹೆರಿಗೆಯಲ್ಲಿ ತೀರಿಕೊಂಡವಳ ಸಾವನ್ನು ಆಯ್ಕೆಯೆಂದು ಕರೆಯುವುದು, ಅದೇ ರೀತಿ ತಾಯಿಯನ್ನು ಕಳೆದುಕೊಂಡ ಮಗುವಿನ ಕೈಗೆ ಕೊಡಬಾರದ ವಿವರಣೆ. ಅಂಥ ಮಕ್ಕಳೊಡನೆ ಓದುವ ಹಿರಿಯರು ಈ ಪುಟದಲ್ಲಿ ನಿಂತು ಮಾತಾಡಲೇಬೇಕು.

ನಾನು ಹೆಚ್ಚಾಗಿ ಬಳಸುವುದು ಐದನೆಯ ಸಂಪುಟದಲ್ಲಿನ, ಹ್ಯಾರಿಯ ಸಹಪಾಠಿ ನೆವಿಲ್‌ನನ್ನು. ಚಿತ್ರಹಿಂಸೆಯಿಂದ ಮತಿಭ್ರಮಣೆಗೊಳಗಾಗಿ ಆಸ್ಪತ್ರೆಯಲ್ಲೇ ಉಳಿದ ಅವನ ತಾಯಿ, ಭೇಟಿಯ ಹೊತ್ತಿನಲ್ಲಿ ಅವನಿಗೆ ಬಬಲ್‌ಗಮ್‌ನ ಖಾಲಿ ಹೊದಿಕೆಯೊಂದನ್ನು ಕೊಡುತ್ತಾಳೆ. ಕಸದ ಬುಟ್ಟಿಗೆ ಹಾಕೆಂದು ಅಜ್ಜಿ ಹೇಳಿದರೂ ಅವನು ಅದನ್ನು ಮೆಲ್ಲನೆ ಜೇಬಿಗಿಳಿಸುತ್ತಾನೆ. ಇಲ್ಲಿ ಮಾಯೆಯಿಲ್ಲ, ಬಲಿದಾನದ ಷರತ್ತೂ ಇಲ್ಲ. ಅಮ್ಮನಿಂದ ಸಾಧ್ಯವಿದ್ದದ್ದು ಅಷ್ಟೇ, ಅದು ಅವನಿಗೆ ಸೇರಿತು. ಈ ಪ್ರಸಂಗ ಹೇಳಿದ ಮೇಲೆ, ಮನೆಯಲ್ಲಿ ಯಾರಿಗೂ ತಿಳಿಯದಂತೆ ಏನು ಇಟ್ಟುಕೊಂಡಿದ್ದೇವೆಂದು ಮಕ್ಕಳು ತಾವಾಗಿಯೇ ಹೇಳತೊಡಗುತ್ತಾರೆ: ಅಮ್ಮ ಬರೆದ ದಿನಸಿ ಚೀಟಿ, ಹಲ್ಲು ಮುರಿದ ಬಾಚಣಿಗೆ, ಸೀರೆಯ ಅಂಚು.

ಆದ್ದರಿಂದ ಕರೆತಂದ ಹಿರಿಯರಲ್ಲಿ ನಾನು ಕೇಳಿಕೊಳ್ಳುವುದಿಷ್ಟು: ತಿಥಿಯ ಕಾರ್ಯ ಮುಗಿದ ಮೇಲೆ ಬಟ್ಟೆಬರೆಯನ್ನು ಯಾರಿಗಾದರೂ ಕೊಡುವ ಮೊದಲು, ಏನು ಉಳಿಸಿಕೊಳ್ಳಬೇಕೆಂದು ಮಗುವನ್ನು ಒಮ್ಮೆ ಕೇಳಿ.