ಸುನಿಲ್ ಛೆಟ್ರಿ ಬೆಂಗಳೂರಿಗೆ ಬರುವ ಮೊದಲು ಅಷ್ಟೊಂದು ಕ್ಲಬ್ ಬದಲಿಸಿದ್ದೇಕೆ?

ಓದುಗರ ಪ್ರಶ್ನೆ: ಛೆಟ್ರಿ ಎಂದರೆ ನಮಗೆ ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿಯೇ ಕಣ್ಣಮುಂದೆ ಬರುತ್ತದೆ. ಆದರೆ ಅದಕ್ಕೂ ಮೊದಲು ಅವರು ಏಳೆಂಟು ಕ್ಲಬ್‌ಗಳಲ್ಲಿ ಆಡಿದ್ದರಂತೆ. ಅಷ್ಟು ಒಳ್ಳೆಯ ಆಟಗಾರನನ್ನು ಯಾರೂ ಉಳಿಸಿಕೊಳ್ಳಲಿಲ್ಲವೇ? ಅಥವಾ ಅವರೇ ಒಂದೆಡೆ ನಿಲ್ಲುತ್ತಿರಲಿಲ್ಲವೇ?

ಉತ್ತರ: ಮೊದಲು ಲೆಕ್ಕ ಹೇಳಿಬಿಡುತ್ತೇನೆ. 2002ರಿಂದ 2013ರವರೆಗೆ ಛೆಟ್ರಿ ಆಡಿದ್ದು ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ ವಿಜರ್ಡ್ಸ್, ಚಿರಾಗ್ ಯುನೈಟೆಡ್, ಮತ್ತೊಮ್ಮೆ ಮೋಹನ್ ಬಾಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ‘ಬಿ’ ತಂಡ, ಕೊನೆಗೆ ಎರವಲಿನ ಮೇಲೆ ಗೋವಾದ ಚರ್ಚಿಲ್ ಬ್ರದರ್ಸ್. ಹನ್ನೊಂದು ವರ್ಷ, ಎಂಟು ಕ್ಲಬ್, ಮೂರು ದೇಶ. ಕಾಗದದ ಮೇಲೆ ನೋಡಿದರೆ ಕಾಲು ನಿಲ್ಲದ ಮನುಷ್ಯ ಅನ್ನಿಸುತ್ತದೆ. ಆದರೆ ಒಂದೊಂದೇ ವರ್ಗಾವಣೆಯನ್ನು ಬಿಡಿಸಿ ನೋಡಿದಾಗ, ಆ ಕಾಲದ ಭಾರತೀಯ ಫುಟ್‌ಬಾಲ್‌ನಲ್ಲಿ ಆಟಗಾರ ನಿಲ್ಲುವುದಕ್ಕೆ ನೆಲವೇ ಗಟ್ಟಿ ಇರಲಿಲ್ಲ ಎಂಬುದು ಗೊತ್ತಾಗುತ್ತದೆ.

ಊರು ಬದಲಿಸುವುದು ಅವರಿಗೆ ಹುಟ್ಟಿನಿಂದಲೇ ಬಂದದ್ದು. 1984ರಲ್ಲಿ ಸಿಕಂದರಾಬಾದ್‌ನಲ್ಲಿ ಹುಟ್ಟಿದರು. ತಂದೆ ಸೇನೆಯಲ್ಲಿದ್ದರು, ವರ್ಗವಾದಲ್ಲಿಗೆಲ್ಲ ಮನೆಯೂ ಹೋಗುತ್ತಿತ್ತು. ತಾಯಿ ನೇಪಾಳದ ಪರ ಫುಟ್‌ಬಾಲ್ ಆಡಿದವರು. ದೆಹಲಿಯ ಸಿಟಿ ಕ್ಲಬ್‌ನಲ್ಲಿ ಆಡುತ್ತಿದ್ದ ಹುಡುಗನನ್ನು ಮೋಹನ್ ಬಾಗಾನ್ ಸೇರಿಸಿಕೊಂಡಾಗ ಅವನಿಗಿನ್ನೂ ಹದಿನೇಳು. ಆಗ ಆ ತಂಡದ ಕೋಚ್ ಸುಬ್ರತ ಭಟ್ಟಾಚಾರ್ಯ. ಮುಂದೆ ಅವರೇ ಛೆಟ್ರಿಗೆ ಮಾವನಾದರು.

ಮೋಹನ್ ಬಾಗಾನ್‌ನ ಊರಾದ ಕೋಲ್ಕತ್ತದಲ್ಲಿ ಆಟಗಾರರು ಪ್ರತಿ ಸೀಸನ್‌ಗೆ ಮೊದಲು ಕ್ಲಬ್ ಬದಲಿಸುವುದು ಆಗ ಹೊಸತೇನಾಗಿರಲಿಲ್ಲ. ಮೈದಾನದ ಕಡೆ ಅದೊಂದು ಹಬ್ಬದಷ್ಟೇ ದೊಡ್ಡ ಸುದ್ದಿಯಾಗಿತ್ತು. ಐದು ವರ್ಷದ ಕರಾರು, ಬೆಳೆಸಿ ಉಳಿಸಿಕೊಳ್ಳುವ ಯೋಜನೆ ಇವೆಲ್ಲ ಅಲ್ಲಿ ಅಪರೂಪವಾಗಿದ್ದವು. ಜೊತೆಗೆ ಫಾರ್ವರ್ಡ್‌ಗಳಿಗೆ ಇನ್ನೊಂದು ತೊಂದರೆ ಇತ್ತು, ಅದು ಇಂದಿಗೂ ಪೂರ್ತಿ ಹೋಗಿಲ್ಲ: ನಮ್ಮ ಕ್ಲಬ್‌ಗಳು ವಿದೇಶಿ ಆಟಗಾರನಿಗೆ ದುಡ್ಡು ಸುರಿಯುವುದೇ ಗೋಲು ಹೊಡೆಯುವ ಜಾಗಕ್ಕೆ. ಮೋಹನ್ ಬಾಗಾನ್‌ನಲ್ಲಿ ಬ್ರೆಜಿಲ್‌ನ ಬರೆಟೊ, ಮುಂದೆ ನೈಜೀರಿಯಾದ ಒಡಾಫಾ. ಡೆಂಪೊದಲ್ಲಿ ರ‍್ಯಾಂಟಿ ಮಾರ್ಟಿನ್ಸ್. ಭಾರತೀಯ ಹುಡುಗ ಎಡ ಅಂಚಿಗೆ ಹೋಗಬೇಕು, ಇಲ್ಲವೇ ಬೆಂಚಿನ ಮೇಲೆ ಕೂರಬೇಕು. ಛೆಟ್ರಿ ಎಡ ಅಂಚನ್ನು ಕಲಿತರು. ದೇಶದ ಪರ ನಡುವೆ ನಿಂತು ಗೋಲು ಹೊಡೆಯುತ್ತಿದ್ದವರು ಕ್ಲಬ್‌ಗೆ ಮರಳಿದರೆ ಬದಿಯಿಂದ ಒಳಕ್ಕೆ ನುಗ್ಗಿ ಆಡಬೇಕಿತ್ತು. ಅವರ ಬಲಗಾಲಿನ ಆ ಒಳತಿರುವಿನ ಹೊಡೆತ ರೂಢಿಯಾದದ್ದು ಈ ಅನಿವಾರ್ಯದಿಂದ ಎಂದು ನಾನು ನಂಬುತ್ತೇನೆ.

2005ರಲ್ಲಿ ಪಂಜಾಬಿನ ಜೆಸಿಟಿಗೆ ಹೋದದ್ದು ಅವರ ಜೀವನದ ಅತ್ಯಂತ ಬುದ್ಧಿವಂತ ನಡೆ. ಫಗ್ವಾಡದ ಬಟ್ಟೆ ಗಿರಣಿಯ ತಂಡ ಅದು. 1996-97ರಲ್ಲಿ ಶುರುವಾದ ರಾಷ್ಟ್ರೀಯ ಲೀಗ್‌ನ ಮೊದಲ ಚಾಂಪಿಯನ್. ಕೋಲ್ಕತ್ತದ ಗದ್ದಲವಿಲ್ಲ, ಕೋಚ್ ಸುಖವಿಂದರ್ ಸಿಂಗ್ ಕೈಯಲ್ಲಿ ವಾರವಾರವೂ ಆಡುವ ಅವಕಾಶ. ಅದೇ ವರ್ಷ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ಪರ ಮೊದಲ ಪಂದ್ಯ, ಮೊದಲ ಗೋಲು. ಜೆಸಿಟಿಯಲ್ಲಿ ಮೂರು ವರ್ಷ ನಿಂತರು. 2007ರಲ್ಲಿ ದೇಶದ ವರ್ಷದ ಆಟಗಾರ ಪ್ರಶಸ್ತಿ ಬಂತು. 2008ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದರು.

ಹಾಗಾದರೆ ಜೆಸಿಟಿಯಲ್ಲೇ ಇದ್ದಿದ್ದರೆ? 2011ರಲ್ಲಿ ಆ ತಂಡವೇ ಮುಚ್ಚಿತು. ಅದಕ್ಕೂ ಒಂದು ವರ್ಷ ಮೊದಲು ಮುಂಬೈನ ಮಹೀಂದ್ರಾ ಯುನೈಟೆಡ್ ಬಾಗಿಲು ಹಾಕಿತ್ತು. ಛೆಟ್ರಿ ಆಡಿದ ಚಿರಾಗ್ ಯುನೈಟೆಡ್ ಹೆಸರು ಬದಲಿಸಿ ಪ್ರಯಾಗ್ ಯುನೈಟೆಡ್ ಆಯಿತು, ಆಮೇಲೆ ಆ ಹೆಸರೂ ಹೋಯಿತು. ನಮ್ಮ ಬೆಂಗಳೂರಿನದ್ದೂ ಇದೇ ಕಥೆ. ಐಟಿಐ, ಎಚ್‌ಎಎಲ್ ತಂಡಗಳು ದೇಶದ ಉನ್ನತ ಲೀಗ್‌ನಲ್ಲಿ ಆಡಿದವು ಎಂದರೆ ಇಂದಿನ ಹುಡುಗರಿಗೆ ಆಶ್ಚರ್ಯ. ಎಚ್‌ಎಎಲ್ 2011-12ರವರೆಗೂ ಐ-ಲೀಗ್‌ನಲ್ಲಿತ್ತು, ಆಗಿನ ಉನ್ನತ ಲೀಗ್ ಅದೇ. ಕಂಪನಿ ಕೈಬಿಟ್ಟರೆ ತಂಡ ಇಲ್ಲ, ತಂಡ ಇಲ್ಲದಿದ್ದರೆ ಆಟಗಾರನಿಗೆ ಬೇರೆ ಊರಿನ ರೈಲೇ ಗತಿ. ಛೆಟ್ರಿಯ ಪಟ್ಟಿಯನ್ನು ಈ ಮುಚ್ಚಿದ ಬಾಗಿಲುಗಳ ಪಕ್ಕದಲ್ಲಿಟ್ಟು ಓದಬೇಕು.

ಇನ್ನು ವಿದೇಶದ ವಿಷಯ. ಇಲ್ಲಿ ಮನಸ್ಸಿಗೆ ನಿಜಕ್ಕೂ ನೋವಾಗುತ್ತದೆ. 2009ರಲ್ಲಿ ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರನ್ನು ಮೂರು ವರ್ಷಕ್ಕೆ ತೆಗೆದುಕೊಳ್ಳಲು ಒಪ್ಪಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಆಗಿನ ನಿಯಮದಂತೆ ಆಟಗಾರನ ದೇಶ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರೊಳಗಿರಬೇಕು. ಭಾರತವಿದ್ದದ್ದು 150ರ ಆಸುಪಾಸು. ಅದರ ಹಿಂದಿನ ವರ್ಷವಷ್ಟೇ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಹೊಡೆದು ಭಾರತವನ್ನು ಏಷ್ಯನ್ ಕಪ್‌ಗೆ ಕೊಂಡೊಯ್ದಿದ್ದ ಹುಡುಗ ಅವನು. ಅವನ ಕಾಲಿನ ಯೋಗ್ಯತೆಯನ್ನು ದೇಶದ ಸ್ಥಾನಮಾನದಿಂದ ಅಳೆದರು. ಇಂಗ್ಲೆಂಡ್‌ಗೆ ಹೋಗಬೇಕಿದ್ದವರು ಗೋವಾದಲ್ಲಿ ಡೆಂಪೊಗೆ ಆಡಿದರು. ಡೆಂಪೊ ಆ ಸಲ ಐ-ಲೀಗ್ ಗೆದ್ದಿತು.

2010ರ ಮಾರ್ಚ್‌ನಲ್ಲಿ ಕಾನ್ಸಾಸ್ ಸಿಟಿ. ಅಲ್ಲಿ ಲೀಗ್‌ನ ಒಂದು ಪಂದ್ಯದಲ್ಲೂ ಅಂಗಳಕ್ಕಿಳಿಯಲಿಲ್ಲ. ಕಪ್ ಟೂರ್ನಿಯಲ್ಲಿ ಒಂದು ಪಂದ್ಯ ಸಿಕ್ಕಿತು. ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಬಂದರು, ಕಾನ್ಸಾಸ್ 2-1ರಿಂದ ಗೆದ್ದಿತು. ಅಲ್ಲಿಂದ ವಾಪಸು ಬಂದು 2011ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಬಹರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಒಂದೊಂದು ಗೋಲು ಹೊಡೆದರು. ಆ ಸೀಸನ್‌ನ ಉಳಿದ ಭಾಗಕ್ಕೆ ಚಿರಾಗ್, ಮುಂದಿನ ಸೀಸನ್‌ಗೆ ಮೋಹನ್ ಬಾಗಾನ್. 2012ರಲ್ಲಿ ಲಿಸ್ಬನ್. ಸ್ಪೋರ್ಟಿಂಗ್‌ನ ‘ಬಿ’ ತಂಡ ಆಡುತ್ತಿದ್ದುದು ಪೋರ್ಚುಗಲ್‌ನ ಎರಡನೇ ದರ್ಜೆಯ ಲೀಗ್‌ನಲ್ಲಿ. ಎರಡು ವರ್ಷದ ಕರಾರಿತ್ತು, ಆಡಲು ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಆಗ ಅವರಿಗೆ 28 ವರ್ಷ. ಹದಿನೆಂಟು-ಹತ್ತೊಂಬತ್ತರ ಹುಡುಗರನ್ನು ಬೆಳೆಸುವ ತಂಡದಲ್ಲಿ ಆ ವಯಸ್ಸಿನ ಫಾರ್ವರ್ಡ್‌ಗೆ ಎಷ್ಟು ನಿಮಿಷ ಸಿಕ್ಕೀತು? 2013ರ ಆರಂಭದಲ್ಲಿ ಎರವಲಿನ ಮೇಲೆ ಚರ್ಚಿಲ್‌ಗೆ ಬಂದರು, ಚರ್ಚಿಲ್ ಐ-ಲೀಗ್ ಗೆದ್ದಿತು.

ಆಮೇಲೆ ಬೆಂಗಳೂರು. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಈ ಕ್ಲಬ್ ಕಟ್ಟಿದಾಗ ಇಲ್ಲಿ ಇತಿಹಾಸವೂ ಇರಲಿಲ್ಲ, ಅಭಿಮಾನಿಗಳೂ ಇರಲಿಲ್ಲ. ಯುರೋಪ್ ಕನಸು ಮುಗಿಸಿ ಬಂದ ದೇಶದ ನಾಯಕ ಹೊಸ ಕ್ಲಬ್‌ಗೆ ಸಹಿ ಹಾಕಿದ್ದು ದೊಡ್ಡ ಧೈರ್ಯವೇ. ಕ್ಲಬ್ಬಿನ ಮೊದಲ ಐ-ಲೀಗ್ ಪಂದ್ಯ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಎದುರಾಳಿ ಅವರ ಮೊದಲ ಕ್ಲಬ್ ಮೋಹನ್ ಬಾಗಾನ್, 1-1. ಏಪ್ರಿಲ್‌ನಲ್ಲಿ ಮಡಗಾಂವ್ ಬಳಿಯ ಫತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಮೊದಲ ವರ್ಷವೇ ಚಾಂಪಿಯನ್. ಅದೂ ಅವರ ಹಳೆಯ ಕ್ಲಬ್. ಆ ಸೀಸನ್‌ನಲ್ಲಿ ಛೆಟ್ರಿ ಹೊಡೆದದ್ದು 14 ಗೋಲು.

ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಊಟ, ನಿದ್ದೆ, ವ್ಯಾಯಾಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಛೆಟ್ರಿಗೆ ಅಂಥದ್ದೇ ಬೇಕಿತ್ತು. ಒಂದೇ ಕ್ಲಬ್, ಒಂದೇ ಊರು, ಬೇಳೆ-ಬೆಣ್ಣೆಯವರೆಗೂ ಲೆಕ್ಕ ಇಡುವ ದಿನಚರಿ. ನಲವತ್ತು ದಾಟಿದ ಮೇಲೂ 2024-25ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಮತ್ತೆ 14 ಗೋಲು ಹೊಡೆಯಲು ಸಾಧ್ಯವಾದದ್ದರ ಹಿಂದೆ ಈ ಸ್ಥಿರತೆಯಿದೆ. ವರ್ಷಕ್ಕೊಂದು ಊರು ಸುತ್ತುತ್ತಲೇ ಇದ್ದಿದ್ದರೆ ಅವರ ಆಟ 35ಕ್ಕೇ ಮುಗಿಯುತ್ತಿತ್ತೇನೋ ಎಂಬುದು ನನ್ನ ಅನಿಸಿಕೆ.

ಕೆಲವರು ಕೇಳುತ್ತಾರೆ, ಹಾಗಾದರೆ 2015ರಲ್ಲಿ ಮುಂಬೈ ಸಿಟಿಗೆ ಆಡಿದರಲ್ಲ? ಆಗ ಐ-ಲೀಗ್, ಐಎಸ್‌ಎಲ್ ಎರಡೂ ಬೇರೆ ಬೇರೆ ತಿಂಗಳುಗಳಲ್ಲಿ ನಡೆಯುತ್ತಿದ್ದವು. ಬೆಂಗಳೂರು ಐಎಸ್‌ಎಲ್‌ನಲ್ಲಿರಲಿಲ್ಲ. ಹಾಗಾಗಿ ಹರಾಜಿನಲ್ಲಿ 1.2 ಕೋಟಿ ರೂಪಾಯಿಗೆ ಮುಂಬೈ ಪಾಲಾದರು. ಅಲ್ಲಿ ಕೋಚ್ ಆಗಿದ್ದವರು ನಿಕೋಲಾ ಅನೆಲ್ಕಾ, ಹತ್ತಕ್ಕೂ ಹೆಚ್ಚು ಕ್ಲಬ್ ಸುತ್ತಿದ ಫ್ರಾನ್ಸ್‌ನ ಫಾರ್ವರ್ಡ್. ಅವರ ಕೈಕೆಳಗೆ ನಾರ್ತ್‌ಈಸ್ಟ್ ವಿರುದ್ಧ ಐಎಸ್‌ಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಹ್ಯಾಟ್ರಿಕ್ ಬಂತು. 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ಬೆಂಗಳೂರಿನ ಪರ ಎಎಫ್‌ಸಿ ಕಪ್ ಫೈನಲ್ ಸೋತ ಮೇಲೆ, ಅದೇ ಸೀಸನ್‌ನಲ್ಲಿ ಮತ್ತೆ ಮುಂಬೈ ಜೆರ್ಸಿ ತೊಟ್ಟರು.

2017ರಲ್ಲಿ ಬೆಂಗಳೂರು ಐಎಸ್‌ಎಲ್ ಸೇರಿತು, ಆ ಓಡಾಟವೂ ನಿಂತಿತು. ಮೊದಲ ವರ್ಷ ಕಂಠೀರವದಲ್ಲೇ ಫೈನಲ್ ಸೋತರು. ಮರುವರ್ಷ, 2019ರ ಮಾರ್ಚ್‌ನಲ್ಲಿ, ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಕಪ್ ಬೆಂಗಳೂರಿಗೆ ಬಂತು. ಛೆಟ್ರಿ ಅದನ್ನು ಎತ್ತಿಹಿಡಿದದ್ದು ಮುಂಬೈನ ಅಂಧೇರಿಯ ಮೈದಾನದಲ್ಲಿ, ಎರಡು ವರ್ಷಗಳ ಹಿಂದೆ ಎರವಲು ಆಟಗಾರನಾಗಿ ಆಡಿದ್ದ ಅದೇ ಅಂಗಳದಲ್ಲಿ.