‘ಇಜೆನ್‌ನಲ್ಲಿ ನೀಲಿ ಲಾವಾ ನೋಡೋಕೆ ಯಾವ ತಿಂಗಳು ಒಳ್ಳೇದು ಸಾರ್?’

ಯಾವ ತಿಂಗಳೂ ಅಲ್ಲ. ಅಲ್ಲಿ ನೀಲಿ ಲಾವಾ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಸಿಟ್ಟಾಗುತ್ತೀರಿ ಅಂತ ಗೊತ್ತು. ಬೆಂಗಳೂರಿಂದ ಡೆನ್ಪಸಾರ್‌ಗೆ ನೇರ ವಿಮಾನ ಬಂದ ಮೇಲೆ ಬಾಲಿಗೆ ಹೊರಟವರೆಲ್ಲ ಪಕ್ಕದ ಪೂರ್ವ ಜಾವಾದ ಕಾವಾ ಇಜೆನ್ ಜ್ವಾಲಾಮುಖಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದಾರೆ. ಹೊರಡೋಕೆ ಮುಂಚೆ ನನಗೊಂದು ಮೆಸೇಜ್ ಹಾಕುತ್ತಾರೆ. ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೇ ಟೈಪ್ ಮಾಡಿ ಮಾಡಿ ಬೆರಳು ಸವೆದಿದೆ, ಅದಕ್ಕೇ ಒಂದೇ ಸಲ ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪ್ರಯಾಣದ ಮಾತು ಬೇಗ ಮುಗಿಸಿಬಿಡೋಣ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಆಗ ಹೋಗಿ. ಬಾಲಿಯಿಂದ ಫೆರಿ ದಾಟಿ ಜಾವಾ ಸೇರಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ಇದನ್ನು ಮರೆತು ಮಧ್ಯರಾತ್ರಿ ಸುಮ್ಮನೆ ನಡುಗುತ್ತಾ ಕೂತವರಲ್ಲಿ ನಾನೂ ಒಬ್ಬ. ಹತ್ತೋದು ಶುರುವಾಗುವ ಪಾಲ್ಟುಡಿಂಗ್‌ನಿಂದ ಮೂರು ಕಿಲೋಮೀಟರ್ ದಾರಿ, ಸುಮಾರು 500 ಮೀಟರ್ ಏರು. ಕುಮಾರಪರ್ವತ ಹತ್ತಿದವರಿಗೆ ಇದೊಂದು ಲೆಕ್ಕವಲ್ಲ. ಕಷ್ಟ ಇರೋದು ಮೇಲೆ ಹೋದಮೇಲೆ, ಕುಳಿಯೊಳಕ್ಕೆ ಕತ್ತಲಲ್ಲಿ ಕಲ್ಲು ತಡವುತ್ತಾ ಇಳಿಯುವಾಗ. ಕುಳಿಗೆ ಇಳಿಯಲು ಬಿಡುತ್ತಾರಾ ಅನ್ನೋದು ಆ ದಿನದ ಹೊಗೆಯ ಮೇಲೆ ನಿಂತಿದೆ.

ಈಗ ಆ ನೀಲಿಯ ವಿಷಯ.

ಲಾವಾ ಅಂದರೆ ಕರಗಿದ ಕಲ್ಲು. ಅದರ ಬಣ್ಣ ಬರುವುದು ಕಾವಿನಿಂದ. ಊರ ಕುಲುಮೆಯಲ್ಲಿ ಕುಡುಗೋಲು ಕಾಯಿಸುವುದನ್ನು ನೋಡಿದವರಿಗೆ ಬೇರೆ ಪಾಠ ಬೇಕಿಲ್ಲ: ಮೊದಲು ಮಸುಕು ಕೆಂಪು, ಆಮೇಲೆ ಕಿತ್ತಳೆ, ಇನ್ನೂ ಕಾದರೆ ಹಳದಿ. ಲಾವಾ ಕೂಡ ಅಷ್ಟೇ. 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಡುಗೆಂಪು, 1,200ರ ಹತ್ತಿರ ಕಿತ್ತಳೆ–ಹಳದಿ. ಬರೀ ಕಾವಿನಿಂದಲೇ ನೀಲಿ ಹೊಳೆಯಬೇಕು ಅಂದರೆ 10,000 ಡಿಗ್ರಿ ದಾಟಬೇಕು. ಸೂರ್ಯನ ಮೇಲ್ಮೈ ಇರೋದೇ ಸುಮಾರು 5,500 ಡಿಗ್ರಿ. ಅಷ್ಟು ಕಾವಿಗೆ ಕಲ್ಲು ಹರಿಯೋದಿಲ್ಲ, ಆವಿಯಾಗಿ ಹೋಗುತ್ತದೆ. ನೋಡೋಕೆ ಹೋದ ನೀವೂ ಉಳಿಯೋದಿಲ್ಲ.

‘ಹಾಗಾದ್ರೆ ಗ್ಯಾಸ್ ಒಲೆ ನೀಲಿ ಉರಿಯುತ್ತಲ್ಲ?’ ಇದು ಎರಡನೇ ಮೆಸೇಜ್, ತಪ್ಪದೆ ಬರುತ್ತದೆ. ಸರಿಯಾಗಿಯೇ ಕೇಳಿದ್ದೀರಿ. ಒಲೆಯ ಮೇಲೆ ಬರ್ನರ್ ನೀಲಿಯಾಗಿರುವುದಿಲ್ಲ, ಅದರಿಂದ ಬರುವ ಅನಿಲ ಉರಿಯುವಾಗ ನೀಲಿ. ಇಜೆನ್‌ನಲ್ಲಿ ನಡೆಯುವುದೂ ಇದೇ. ಕುಳಿಯ ಬಿರುಕುಗಳಿಂದ ಗಂಧಕದ ಅನಿಲ 600 ಡಿಗ್ರಿವರೆಗಿನ ಬಿಸಿಯಲ್ಲಿ ನುಗ್ಗುತ್ತದೆ. ಹೊರಗಿನ ಗಾಳಿ ತಾಗಿದ್ದೇ ಹೊತ್ತಿಕೊಳ್ಳುತ್ತದೆ. ಗಂಧಕ ಉರಿದರೆ ಜ್ವಾಲೆ ನೀಲಿ, ಹೈಸ್ಕೂಲ್ ಪ್ರಯೋಗಾಲಯದಲ್ಲಿ ಚಮಚದಲ್ಲಿ ಉರಿಸಿ ತೋರಿಸಿದ್ದರಲ್ಲ, ಅದೇ.

ಮೂರನೇ ಮೆಸೇಜ್: ‘ವಿಡಿಯೋದಲ್ಲಿ ಅದು ಕೆಳಕ್ಕೆ ಹರಿಯೋದು ಕಂಡಿತಲ್ಲ ಸಾರ್, ಬೆಂಕಿ ಹರಿಯುತ್ತಾ?’ ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಒಳಗೊಳಗೇ ಪ್ರೀತಿ, ಯಾಕೆಂದರೆ ಇವರು ಕಣ್ಣು ಬಿಟ್ಟು ನೋಡಿದ್ದಾರೆ. ಅನಿಲದ ಒಂದು ಪಾಲು ತಣಿದು ದ್ರವವಾಗುತ್ತದೆ. ಗಂಧಕ ಕರಗೋದಕ್ಕೆ 115 ಡಿಗ್ರಿ ಸಾಕು. ಆ ದ್ರವ ಇಳಿಜಾರಿನಲ್ಲಿ ಹರಿಯುತ್ತಾ ಮೈತುಂಬ ಉರಿಯುತ್ತದೆ. ಕತ್ತಲಲ್ಲಿ, ಅದರಲ್ಲೂ ಕ್ಯಾಮೆರಾ ಕಣ್ಣನ್ನು ತುಂಬಾ ಹೊತ್ತು ತೆರೆದಿಟ್ಟು ತೆಗೆದ ಫೋಟೊದಲ್ಲಿ, ನೀಲಿ ಹೊಳೆಯೇ ಹರಿದಂತೆ ಕಾಣುತ್ತದೆ. ಹರಿದದ್ದು ನಿಜ, ಕಲ್ಲು ಅನ್ನೋದು ಸುಳ್ಳು. ಬೆಳಗಾದಮೇಲೂ ಅದು ಉರಿಯುತ್ತಲೇ ಇರುತ್ತದೆ, ಬಿಸಿಲಿಗೆ ನಮ್ಮ ಕಣ್ಣಿಗೆ ಬೀಳೋದಿಲ್ಲ ಅಷ್ಟೆ. ರಾತ್ರಿ ಹತ್ತಬೇಕಾದ್ದು ಇದಕ್ಕೇ.

ಇನ್ನೊಂದು ಬಾಲ ಉಳಿಯಿತು: ‘ಪ್ರಪಂಚದಲ್ಲಿ ಎರಡೇ ಕಡೆ ನೀಲಿ ಬೆಂಕಿ, ಇಲ್ಲಿ ಮತ್ತು ಐಸ್‌ಲ್ಯಾಂಡ್‌ನಲ್ಲಿ.’ ಪ್ರವಾಸ ಮಾರುವವರ ಬಾಯಿಪಾಠ ಇದು. ಇಥಿಯೋಪಿಯಾದ ಡಲ್ಲೋಲ್‌ನಲ್ಲೂ ಗಂಧಕ ನೀಲಿಯಾಗಿ ಉರಿದದ್ದಿದೆ. 2018ರಲ್ಲಿ ಹವಾಯಿಯ ಕಿಲವೇಯ ಜ್ವಾಲಾಮುಖಿ ಸಿಡಿದಾಗ ರಸ್ತೆಯ ಬಿರುಕಲ್ಲೇ ನೀಲಿ ಜ್ವಾಲೆ ಎದ್ದಿತ್ತು. ಅದು ಗಂಧಕವೂ ಅಲ್ಲ, ಲಾವಾದಡಿ ಸಿಕ್ಕ ಗಿಡಗಂಟಿ ಬೆಂದು ಹುಟ್ಟಿದ ಮೀಥೇನ್. ವಿಚಿತ್ರ ಬಣ್ಣದ ಲಾವಾನೇ ನೋಡಬೇಕು ಅಂತ ಹಟ ಇದ್ದರೆ ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್‌ಗೆ ಹೋಗಿ. ಅಲ್ಲಿಯ ಲಾವಾ ಎಷ್ಟು ತಣ್ಣಗಿನದು ಅಂದರೆ ಹಗಲಲ್ಲಿ ಕೆಸರಿನ ಹಾಗೆ ಕಪ್ಪಗೆ ಹರಿಯುತ್ತದೆ, ಆರಿದಮೇಲೆ ಬೆಳ್ಳಗಾಗುತ್ತದೆ. ಅದರ ಬಗ್ಗೆ ನನಗೆ ಇವತ್ತಿನವರೆಗೆ ಒಬ್ಬರೂ ಮೆಸೇಜ್ ಹಾಕಿಲ್ಲ.

ನೀಲಿ ನೋಡಿದ ತಕ್ಷಣ ಇಳಿದು ಓಡುವವರನ್ನು ಕಂಡರೆ ನನಗೆ ಮರುಕ. ಬೆಳಕು ಹರಿಯಲಿ, ಕುಳಿಯ ಅಂಚಿಗೆ ವಾಪಸ್ ಬಂದು ಕೂರಿ. ಕೆಳಗೆ ನವಿಲಿನ ಕತ್ತಿನ ಬಣ್ಣದ ಕೆರೆ, ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಅಗಲ. ಅಂದ ನೋಡಿ ಮುಖ ತೊಳೆಯುವ ಆಸೆ ಬೇಡ, ಅದು ಬ್ಯಾಟರಿ ಆಸಿಡ್‌ಗೆ ಹತ್ತಿರದ ನೀರು. ಅಲ್ಲಿಂದ ಹುಟ್ಟುವ ಹೊಳೆಗೆ ಜಾವಾದ ಜನ ಬಾನ್ಯುಪಾಹಿತ್ ಅನ್ನುತ್ತಾರೆ, ಕಹಿನೀರು ಅಂತ. ಅಂಚಿನಲ್ಲಿ ಗಿಡ ಬದುಕೋದೇ ಕಷ್ಟ. ಆದರೂ ಚಿಗುರು ಕೆಂಪಗಿರುವ ಒಂದು ಕುಳ್ಳ ಪೊದೆ ಹಟಕ್ಕೆ ಬಿದ್ದು ಹಬ್ಬಿದೆ, ಅವರ ಮಾತಲ್ಲಿ ಚಾಂತಿಗಿ. ಇಳಿಯುತ್ತಾ ಬಂದಂತೆ ಗಾಳಿಮರಗಳು. ನಮ್ಮ ಕಡಲ ದಂಡೆಯ ಗಾಳಿಮರದ ಬೆಟ್ಟದ ದಾಯಾದಿ, ಸದ್ದೂ ಅದೇ ಸುಯ್ಯೆನ್ನುವ ಸದ್ದು. ಅದೃಷ್ಟವಿದ್ದರೆ ಕಪ್ಪು ಮುಸುವಗಳ ಹಿಂಡು ಸಿಗುತ್ತದೆ. ಇನ್ನೂ ಕೆಳಗೆ, ಸುಮಾರು 20 ಕಿಲೋಮೀಟರ್ ಅಗಲದ ಹಳೇ ಮಹಾಕುಳಿಯೊಳಗೆ, ಕಾಫಿ ತೋಟಗಳು. ಚಿಕ್ಕಮಗಳೂರಿನವರು ಅಲ್ಲಿ ಒಂದು ಲೋಟ ಕುಡಿದೇ ಬರಬೇಕು: ಡಚ್ಚರು ಜಾವಾಕ್ಕೆ 1690ರ ದಶಕದಲ್ಲಿ ಕಾಫಿ ಗಿಡ ಸಾಗಿಸಿದ್ದು ನಮ್ಮ ಪಕ್ಕದ ಮಲಬಾರ್ ಕರಾವಳಿಯಿಂದಲೇ.

ಮಾಸ್ಕ್ ಬಗ್ಗೆ ಒಂದೇ ಮಾತು. ಬಟ್ಟೆಯ ಮಾಸ್ಕ್, ಒದ್ದೆ ಕರ್ಚೀಫು, ಕೊರೋನಾ ಕಾಲದ ಮಾಸ್ಕ್, ಯಾವುದೂ ಗಂಧಕದ ಹೊಗೆ ತಡೆಯೋದಿಲ್ಲ. ಅನಿಲ ಸೋಸುವ ಕಾರ್ಟ್ರಿಡ್ಜ್ ಇರುವುದನ್ನೇ ಬಾಡಿಗೆಗೆ ತಗೊಳ್ಳಿ. ನನ್ನ ಬೆರಳಿನ ಬೆಳ್ಳಿ ಉಂಗುರ ಒಂದು ರಾತ್ರಿಗೇ ಕರಿಬೇವಿನ ಕಡ್ಡಿಯಷ್ಟು ಕಪ್ಪಾಗಿತ್ತು.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ಅದನ್ನು ನಾನೇ ಕೇಳಿಕೊಂಡುಬಿಡುತ್ತೇನೆ: ಅಲ್ಲಿಂದ ಹೊತ್ತು ತರುವ ಗಂಧಕ ಎಲ್ಲಿಗೆ ಹೋಗುತ್ತದೆ? ಗಂಧಕ ತೆಗೆಯುವ ಕೆಲಸಗಾರರು ಕುಳಿಯೊಳಗೆ ಕೊಳವೆ ಜೋಡಿಸಿ ಅನಿಲವನ್ನು ತಣಿಸುತ್ತಾರೆ. ಕೊಳವೆಯ ಬಾಯಿಂದ ರಕ್ತದ ಬಣ್ಣದ ದ್ರವ ತೊಟ್ಟಿಕ್ಕಿ, ನೆಲಕ್ಕೆ ಬಿದ್ದು ಗಟ್ಟಿಯಾಗುತ್ತಾ ಅರಿಸಿನವಾಗುತ್ತದೆ. ಹಾರೆಯಲ್ಲಿ ಒಡೆದು, ಅಡ್ಡೆಯ ಎರಡು ಬಿದಿರ ಬುಟ್ಟಿಗೆ ತುಂಬಿ, 70ರಿಂದ 90 ಕಿಲೋ ಹೆಗಲ ಮೇಲೆ ಹೊತ್ತು ಏರುತ್ತಾರೆ. ಅವರು ಬರುವುದು ಕಾಣುವ ಮೊದಲೇ ಬುಟ್ಟಿಯ ಕಿರುಗುಟ್ಟುವ ಸದ್ದು ಬರುತ್ತದೆ, ಆಗ ದಾರಿ ಬಿಡಬೇಕಾದವರು ನೀವು. ನೀವು ಅಷ್ಟು ದೂರದಿಂದ ನೋಡಲು ಬಂದ ನೀಲಿ ಬೆಂಕಿ ಅವರ ಲೆಕ್ಕದಲ್ಲಿ ನಷ್ಟ, ಉರಿದಷ್ಟು ಗಂಧಕ ಗಾಳಿಗೆ ಹೋಯಿತು. ಕೊಳವೆಗೆ ಬೆಂಕಿ ತಾಗಿದರೆ ನೀರು ಎರಚಿ ಆರಿಸುತ್ತಾರೆ.

ಆ ಗಂಧಕದ ಒಂದು ಪಾಲು ಹೋಗುವುದು ಸಕ್ಕರೆ ಕಾರ್ಖಾನೆಗೆ. ಗಂಧಕ ಉರಿಸಿ, ಬಂದ ಅನಿಲವನ್ನು ಕಬ್ಬಿನ ಹಾಲಿಗೆ ಹಾಯಿಸಿದರೆ ಸಕ್ಕರೆ ಬೆಳ್ಳಗಾಗುತ್ತದೆ. ನಮ್ಮ ದೇಶದ ಬಹುಪಾಲು ಕಾರ್ಖಾನೆಗಳ ವಿಧಾನವೂ ಇದೇ, ಗಂಧಕ ಮಾತ್ರ ಬೇರೆ ಕಡೆಯದು. ಈಗ ಲೋಕದ ಹೆಚ್ಚಿನ ಗಂಧಕ ಬರುವುದು ಕಚ್ಚಾತೈಲ, ನೈಸರ್ಗಿಕ ಅನಿಲ ಶುದ್ಧಮಾಡುವಾಗ. ಕುಳಿಯ ಅಂಚಲ್ಲಿ ನಿಮಗೆ ಕೆಮ್ಮು ಹತ್ತಿಸುವ ಹೊಗೆಯೇ ಕಾಫಿಗೆ ಹಾಕುವ ಸಕ್ಕರೆಯನ್ನು ಬಿಳಿ ಮಾಡುತ್ತದೆ ಅಂತಾಯಿತು. ಮಂಡ್ಯದ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯಲ್ಲಿ ಪರಿಚಯದವರಿದ್ದರೆ ಸಲ್ಫರ್ ಬರ್ನರ್‌ನ ಕಿಂಡಿ ತೋರಿಸಿ ಅಂತ ಕೇಳಿ. ಒಳಗೆ ಉರಿಯುವುದು ಅದೇ ನೀಲಿ.