ಬಿಜ್ಜಳ ಯಾಕೆ ಹೆದರಿದ? ಕಥೆಗಳಲ್ಲಿ ಭಯ ನಡೆದು ಬಂದ ದಾರಿ

ಬಸವಕಲ್ಯಾಣದಲ್ಲಿ ಯಾರನ್ನು ಕೇಳಿದರೂ ಆ ಮದುವೆಯ ಕಥೆ ಹೇಳುತ್ತಾರೆ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಬಿಜ್ಜಳನ ಸಿಟ್ಟು, ಇಬ್ಬರು ತಂದೆಯರಿಗೂ ಘೋರ ಶಿಕ್ಷೆ, ಹೊತ್ತಿ ಉರಿದ ಕಲ್ಯಾಣ, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ನಡೆದ ಶರಣರು. ಹೇಳುವವರ ಬಾಯಲ್ಲಿ ಬಿಜ್ಜಳ ಸಿಟ್ಟಾಗುತ್ತಾನೆ, ಅಷ್ಟೆ. ಆ ಸಿಟ್ಟು ಎಲ್ಲಿಂದ ಬಂತು ಎಂದು ಕೇಳಿದ ಕೂಡಲೇ ಕಥೆ ಬೇರೆಯಾಗುತ್ತದೆ. ಬಿಜ್ಜಳ ಚಾಲುಕ್ಯರ ಸಾಮಂತನಾಗಿದ್ದು, ಒಡೆಯನ ಗದ್ದುಗೆಯನ್ನೇ ಕಿತ್ತುಕೊಂಡು ಕುಳಿತವನು. ಗದ್ದುಗೆ ಎಷ್ಟು ಸುಲಭವಾಗಿ ಕೈ ಬದಲಿಸುತ್ತದೆ ಎಂಬುದು ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

1369ರಲ್ಲಿ ಭೀಮಕವಿ ಬರೆದ ಬಸವಪುರಾಣಕ್ಕೆ ಈ ಪ್ರಶ್ನೆ ಬೇಕಿರಲಿಲ್ಲ. ಅಲ್ಲಿ ಬಿಜ್ಜಳ ಶರಣರಿಗೆ ಕೇಡು ಮಾಡಿ, ಅದರ ಫಲ ಉಂಡವನು. ಅವನೊಳಗೆ ಇಳಿದು ನೋಡಲು ಆರು ಶತಮಾನ ಬೇಕಾಯಿತು. ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕದ ಬಿಜ್ಜಳ ತನ್ನ ಕುಲದ ಮಾತನ್ನು ತಾನೇ ತೆಗೆಯುತ್ತಾನೆ. ತಲೆತಲಾಂತರದಿಂದ ಆಳಿದರೂ, ರಾಜಮನೆತನಗಳ ಜೊತೆ ನೆಂಟಸ್ತನ ಬೆಳೆಸಿದರೂ, ಕ್ಷೌರಿಕ ಎಂಬ ಬರಹ ಹಣೆಯಿಂದ ಅಳಿಸಿಲ್ಲ ಎನ್ನುತ್ತಾನೆ. ಈ ಮಾತು ಕೇಳಿದ ಮೇಲೆ ಅವನ ಪ್ರತಿಯೊಂದು ನಡೆಗೂ ಬೇರೆ ಅರ್ಥ ಬರುತ್ತದೆ. ಜಾತಿಯನ್ನು ಅಲ್ಲಗಳೆಯುವ ಶರಣರ ಕಡೆಗೆ ಅವನು ವಾಲುವುದು ಇದಕ್ಕಾಗಿಯೇ, ಕೊನೆಗೆ ಅವರನ್ನು ಕಾಯಲಾರದೆ ಹೋಗುವುದರ ಬೇರೂ ಇಲ್ಲೇ ಇದೆ.

ಪಾತ್ರವನ್ನು ನಡೆಸುವ ಶಕ್ತಿ ಎಂದಾಗ ಆಸೆ, ಪ್ರೀತಿ, ಸೇಡು ಮೊದಲು ನೆನಪಾಗುತ್ತವೆ. ಭಯ ಹಿಂದಿನ ಸಾಲಿನಲ್ಲಿ ಕೂರುತ್ತದೆ. ಅದನ್ನು ಹಿಂದೆ ಕೂರಿಸಿದ್ದರ ಹಿಂದೆ ಒಂದು ಇತಿಹಾಸವಿದೆ.

ಭರತನ ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವಗಳಲ್ಲಿ, ಅಂದರೆ ಮನಸ್ಸಿನಲ್ಲಿ ನೆಲೆನಿಂತ ಮೂಲ ಭಾವಗಳಲ್ಲಿ, ಭಯವನ್ನೂ ಸೇರಿಸಿ, ಅದರಿಂದ ಭಯಾನಕ ರಸ ಹುಟ್ಟುತ್ತದೆ ಎನ್ನುತ್ತದೆ. ಗುರುವಿಗೆ ಅಥವಾ ರಾಜನಿಗೆ ಮಾಡಿದ ಅಪರಾಧ, ಕಾಡುಮೃಗ, ಪಾಳುಮನೆ, ಅಡವಿ, ಕತ್ತಲು, ಗೂಬೆಯ ಕೂಗು ಎಂದು ಕಾರಣಗಳ ಪಟ್ಟಿಯೂ ಅಲ್ಲಿದೆ. ಆದರೆ ಭಯ ಯಾರದು ಎಂಬಲ್ಲಿ ಭರತ ಒಂದು ಗೆರೆ ಎಳೆಯುತ್ತಾನೆ: ಅದು ಸ್ತ್ರೀಯರದು, ನೀಚ ಪ್ರಕೃತಿಯವರದು. ನಾಯಕನಿಗೆ ಉತ್ಸಾಹ, ಕೆಳಗಿನವರಿಗೆ ನಡುಕ. ಮುಂದೆ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಭಯಾನಕಕ್ಕೆ ಉದಾಹರಣೆಯಾಗಿ ಎತ್ತಿಕೊಂಡದ್ದು ಶಾಕುಂತಲದ ಜಿಂಕೆಯನ್ನು. ಕತ್ತು ತಿರುಗಿಸಿ ರಥವನ್ನು ನೋಡುತ್ತ, ದಣಿದು ತೆರೆದ ಬಾಯಿಂದ ಅರ್ಧ ಅಗಿದ ಹುಲ್ಲು ಉದುರಿಸುತ್ತ ಓಡುವ ಜಿಂಕೆ ಅದು. ಪದ್ಯ ಅದ್ಭುತವಾಗಿದೆ, ಆದರೆ ಭಯ ಪಟ್ಟದ್ದು ಪ್ರಾಣಿ. ಬೆನ್ನಟ್ಟಿದ ದೊರೆಗೆ ಆ ಭಾವ ಸೋಕಲಿಲ್ಲ.

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, ಕಾಗಿಣಾ ದಂಡೆಯ ಆ ಅರಮನೆಯ ಆಶ್ರಯದಲ್ಲಿ ‘ಕವಿರಾಜಮಾರ್ಗ’ ಎಂಬ ಕಾವ್ಯಶಾಸ್ತ್ರದ ಗ್ರಂಥ ಹುಟ್ಟಿತು. ರಸದ ಈ ಲೆಕ್ಕಾಚಾರ ಕನ್ನಡದ ಕವಿಗಳಿಗೂ ಬಂತು. ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಅಡಗಿದವನು ಹೆದರಿದ ಎಂದು ಬರೆದರೆ ನಾಯಕತನ ಹೋಗುತ್ತದೆ. ಹಾಗಾಗಿ ಭೀಷ್ಮನ ಸಲಹೆಯಿಂದ ಅವನನ್ನು ನೀರಿಗೆ ಇಳಿಸಿ, ಭೀಮನ ಗರ್ಜನೆ ಕೇಳಿದಾಗ ಕಣ್ಣು ಕೆಂಪಾಗಿ, ನೀರೊಳಗಿದ್ದೂ ಬೆವರುವಂತೆ ಮಾಡಿದ ಕವಿ. ಆ ಬೆವರು ಕೋಪದ್ದು ಎಂದು ಪದ್ಯ ಹೇಳುತ್ತದೆ. ಕೋಪದ್ದು ಮಾತ್ರವೇ ಎಂಬ ಸಂಶಯ ನನಗೆ ಇಂದಿಗೂ ಹೋಗಿಲ್ಲ. ಕುಮಾರವ್ಯಾಸನ ಉತ್ತರಕುಮಾರನಿಗೆ ಬಹಿರಂಗವಾಗಿ ಹೆದರುವ ಅವಕಾಶ ಸಿಕ್ಕಿತು, ಆದರೆ ನಾವು ನಗಲಿ ಎಂದು ಮಾತ್ರ.

ಜೈನ ಕಥೆಗಾರರ ದಾರಿ ಬೇರೆ. ಸುಮಾರು 10ನೇ ಶತಮಾನದ ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯನ್ನು ನಾನು ಬಿಜ್ಜಳನ ನಾಟಕದ ಪಕ್ಕದಲ್ಲೇ ಇಡುತ್ತೇನೆ. ಮಗನ ಮುಖ ಕಂಡ ದಿನವೇ ಗಂಡ ತಪಸ್ಸಿಗೆ ಹೋಗುತ್ತಾನೆ. ಋಷಿಯನ್ನು ಕಂಡರೆ ಮಗನೂ ಹೋಗುತ್ತಾನೆ ಎಂಬ ಭವಿಷ್ಯ ತಾಯಿ ಯಶೋಭದ್ರೆಗೆ ಗೊತ್ತಿದೆ. ಅಂದಿನಿಂದ ಆಕೆ ಮಾಡುವುದೆಲ್ಲ ಆ ಒಂದೇ ಭಯದಿಂದ. ಋಷಿಗಳು ಮನೆಗೆ ಕಾಲಿಡದಂತೆ ತಡೆಯುತ್ತಾಳೆ, ಮಗನಿಗೆ ಮಹಡಿ ಕಟ್ಟಿಸುತ್ತಾಳೆ, ಮದುವೆಗಳನ್ನು ಮಾಡುತ್ತಾಳೆ, ಸುಖದ ಗೋಡೆ ಎಬ್ಬಿಸುತ್ತಾಳೆ. ಹತ್ತಿರದಲ್ಲಿ ತಂಗಿದ್ದ ಮುನಿಯ ಪಾಠ ಒಂದು ರಾತ್ರಿ ಮಗನ ಕಿವಿಗೆ ಬೀಳುತ್ತದೆ. ಅವನು ಮಹಡಿಯಿಂದ ಇಳಿದು ಹೋಗಿಬಿಡುತ್ತಾನೆ. ಕಥೆಗೆ ಖಳನಾಯಕನೇ ಇಲ್ಲ. ಭರತನ ಗೆರೆಯ ಪ್ರಕಾರ ಹೆದರಲು ಅರ್ಹಳಾದ ಹೆಣ್ಣು ಇಲ್ಲಿ ಬರೀ ನಡುಗುವುದಿಲ್ಲ, ಯೋಜನೆ ಹಾಕುತ್ತಾಳೆ. ಭಯ ಮನುಷ್ಯರನ್ನು ಆಲೋಚನೆಗೆ ಹಚ್ಚುತ್ತದೆ, ಪಾರಾಗುವ ಆಸೆ ಸ್ವಲ್ಪವೂ ಇಲ್ಲದಿದ್ದರೆ ಭಯವೂ ಇರುವುದಿಲ್ಲ ಎಂದು ಗ್ರೀಸಿನ ಅರಿಸ್ಟಾಟಲ್ ವಾಗ್ಮಿತೆಯ ಬಗ್ಗೆ ಬರೆಯುತ್ತ ಹೇಳಿದ್ದ. ಯಶೋಭದ್ರೆಯಲ್ಲಿ ಆ ಆಸೆ ಕೊನೆಯವರೆಗೂ ಜೀವಂತವಾಗಿದೆ.

1209ರ ಜನ್ನನ ‘ಯಶೋಧರ ಚರಿತೆ’ಯಲ್ಲಿ ಒಬ್ಬರ ಭಯ ಇನ್ನೊಬ್ಬರಿಗೆ ದಾಟುತ್ತದೆ. ಹೆಂಡತಿ ಅಮೃತಮತಿ ಮಾವುತನ ಬಳಿ ಹೋಗುವುದನ್ನು ಕಂಡ ರಾಜ ಮಾನಕ್ಕೆ ಅಂಜಿ ಅದನ್ನು ಕೆಟ್ಟ ಕನಸು ಎಂಬಂತೆ ತಾಯಿಯ ಮುಂದೆ ಹೇಳುತ್ತಾನೆ. ಕನಸಿಗೆ ಅಂಜಿದ ತಾಯಿ ಬಲಿ ಕೊಡು ಎನ್ನುತ್ತಾಳೆ. ಹಿಂಸೆಗೆ ಅಂಜಿದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಗುಟ್ಟು ರಟ್ಟಾಯಿತೆಂದು ಅಂಜಿದ ಅಮೃತಮತಿ ಇಬ್ಬರಿಗೂ ವಿಷ ಇಕ್ಕುತ್ತಾಳೆ. ಎಲ್ಲರೂ ಒಂದೇ ಮನೆಯವರು, ಆದರೆ ಒಬ್ಬರ ಅಂಜಿಕೆ ಇನ್ನೊಬ್ಬರಿಗೆ ತಿಳಿಯದು. ಕಥೆ ಬರೆಯಲು ಕಲಿಯುವವರು ಈ ಕೊಂಡಿಗಳನ್ನು ಬಿಡಿಸಿ ಬಿಡಿಸಿ ನೋಡಬೇಕು. ತೊಗರಿಗೆ ನೆಟೆ ರೋಗ ಬಂದ ವರ್ಷದ ಕಥೆ ಬರೆದರೆ ನಮ್ಮ ಕಡೆ ಸಾಹುಕಾರನೇ ಎಲ್ಲದಕ್ಕೂ ಕಾರಣನಾಗಿಬಿಡುತ್ತಾನೆ. ಸಾಲದ ವಿಷಯ ಹೆಂಡತಿಗೆ ತಿಳಿದೀತೆಂದು ಗಂಡ ಅಂಜಿದ್ದು, ಗಂಡ ಏನಾದರೂ ಮಾಡಿಕೊಂಡಾನು ಎಂದು ಆಕೆ ಅಂಜಿ ಬೆಳೆಗೆ ಹೊಡೆಯುವ ಔಷಧದ ಡಬ್ಬಿ ಬಚ್ಚಿಟ್ಟದ್ದು ಕಥೆಯೊಳಗೆ ಬರುವುದೇ ಇಲ್ಲ.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದವಳು. ‘ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದೊಡೆಂತಯ್ಯಾ’ ಎನ್ನುವಾಗ ಭಯವನ್ನು ಹತ್ತಿಕ್ಕುವ ಬದಲು ಅದರ ಜೊತೆಗೇ ಮಾತಿಗಿಳಿಯುತ್ತಾಳೆ. ಭರತನ ಪಟ್ಟಿಯ ಬೆಟ್ಟ, ಮೃಗ ಇಲ್ಲೂ ಇವೆ, ಅದೂ ಒಬ್ಬ ಹೆಣ್ಣಿನ ಬಾಯಲ್ಲಿ. ಅಂಜಿಕೆ ಇಲ್ಲ ಎಂದು ಆಕೆ ಹೇಳುವುದಿಲ್ಲ, ಅಂಜಿದರೆ ಬದುಕುವುದು ಹೇಗೆ ಎಂದು ಕೇಳುತ್ತಾಳೆ.

ಇಂಗ್ಲಿಷ್ ನಾಟಕಗಳು ಬಂದಾಗ ಹೆದರುವ ದೊರೆಯೂ ಕನ್ನಡಕ್ಕೆ ಬಂದ. ಎಂ.ಎಲ್. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್‌ನನ್ನು ‘ಪ್ರತಾಪರುದ್ರದೇವ’ನಾಗಿ ತಂದರು. ಮೊದಲ ಕೊಲೆಗೆ ಆಸೆ ಕಾರಣವಾದರೆ, ನಂತರದ ಕೊಲೆಗಳೆಲ್ಲ ಭಯದವು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಭಯ ಇನ್ನೂ ಒಳಕ್ಕೆ ಸರಿಯಿತು. ಸೂತಕದಲ್ಲಿದ್ದೂ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕುಳಿತ ಪ್ರಾಣೇಶಾಚಾರ್ಯರಿಗೆ ಹುಲಿಯ ಭಯವಿಲ್ಲ, ರಾಜನ ಭಯವಿಲ್ಲ. ಯಾರಾದರೂ ಗುರುತು ಹಿಡಿದಾರು ಎಂಬುದೊಂದೇ ಅವರನ್ನು ಅಲ್ಲಿಂದ ಎಬ್ಬಿಸಿ ಓಡಿಸುತ್ತದೆ.

ಭರತ ‘ನೀಚ ಪ್ರಕೃತಿ’ ಎಂದು ಬದಿಗಿಟ್ಟವರು ತಾವೇ ಬರೆಯಲು ಕುಳಿತಾಗ ಆದದ್ದು ಇದಕ್ಕಿಂತ ದೊಡ್ಡ ಬದಲಾವಣೆ. ಕಲಬುರಗಿ ಬಳಿಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣ ಈ ನೆಲದ ಮಾತಿನಲ್ಲೇ ಕಾದಂಬರಿ ಬರೆದರು. ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಹಸಿಮಾಂಸ ಮತ್ತು ಹದ್ದುಗಳು’ ಎಂಬ ಹೆಸರೇ ಅವರ ಹೆಣ್ಣುಗಳು ಯಾರಿಗೆ ಅಂಜಬೇಕು ಎಂದು ಹೇಳಿಬಿಡುತ್ತದೆ. ಆ ಅಂಜಿಕೆ ದೌರ್ಬಲ್ಯದಿಂದ ಬಂದದ್ದಲ್ಲ. ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಹಾಯಬಾರದು, ಯಾರ ಮನೆಯಿಂದ ಕೈಸಾಲ ತರಬಾರದು ಎಂಬ ತಿಳಿವಳಿಕೆ ಅದು. ಮೇಲಿನವರು ಬರೆದ ಕಥೆಗಳಲ್ಲಿ ಇಂಥ ಹೆಣ್ಣು ಕಣ್ಣೀರು ಹಾಕುತ್ತಿದ್ದಳು. ಇಲ್ಲಿ ಲೆಕ್ಕ ಹಾಕುತ್ತಾಳೆ.

ಈ ದಾರಿ ಇನ್ನೂ ಮುಟ್ಟಬೇಕಾದ ಒಂದು ಜಾಗ ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲೇ ಇದೆ. ಪ್ರತಿ ಸೆಪ್ಟೆಂಬರ್ 17ಕ್ಕೆ ಇಲ್ಲಿ ಧ್ವಜ ಏರುತ್ತದೆ, ಹೈದರಾಬಾದ್ ನಿಜಾಮನ ಪರ ನಿಂತ ರಜಾಕಾರ ಪಡೆಯ ದಾಳಿಯ ನೆನಪು, ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದ ನೆನಪು ಭಾಷಣಗಳಲ್ಲಿ ಬರುತ್ತದೆ. ಬರಲೇಬೇಕು. ಆ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ಊರುಗಳಲ್ಲಿ ಭಯ ಮನೆ ಬದಲಿಸಿತು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಮುಸ್ಲಿಮರ ಮೇಲೆ ಅತಿ ಹೆಚ್ಚು ಹಿಂಸೆ ನಡೆದ ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್‌ಗಳನ್ನು ಹೆಸರಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಮೇ ತಿಂಗಳಲ್ಲಿ ಒಂದು ಮನೆಯವರು ಬಾಗಿಲು ಹಾಕಿಕೊಂಡು ಕುಳಿತಿದ್ದರೆ, ಸೆಪ್ಟೆಂಬರ್ ಕೊನೆಗೆ ಎದುರು ಮನೆಯವರು. ಎರಡು ಸಲವೂ ನಡುವೆ ಇದ್ದ ಮೂರನೆಯ ಮನೆಯವರು ಯಾರ ಪರ ಬಾಯಿ ತೆರೆದರು, ಯಾವಾಗ ಅಂಜಿ ಸುಮ್ಮನಾದರು ಎಂಬುದೇ ಕಥೆಗಾರನಿಗೆ ಬೇಕಾದ ಸಂಗತಿ. ಬಂದೂಕು ಹಿಡಿದವನನ್ನು ಬರೆಯುವುದು ಸುಲಭ, ಆ ಮೂರನೆಯ ಮನೆಯ ಯಜಮಾನನನ್ನು ಬರೆಯುವುದು ಕಷ್ಟ.

ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪ ಇದ್ದಾರೆ. ಆಳಂದ, ಭಾಲ್ಕಿ, ಶಹಾಪುರದ ಕಡೆಯ ಹಳ್ಳಿಗಳಲ್ಲಿ ಇನ್ನೂ ಕೆಲವರು ಮಾತಾಡುವ ಸ್ಥಿತಿಯಲ್ಲಿದ್ದಾರೆ. ಅವರ ಮುಂದೆ ಕೂತವರು ಸಾಮಾನ್ಯವಾಗಿ ‘ಆಗ ಏನಾಯ್ತು ಅಜ್ಜಾ’ ಎಂದು ಕೇಳುತ್ತಾರೆ. ‘ಅಂಜಿಕಿ ಬಂದಾಗ ನಿಮ್ಮಪ್ಪ ಏನ್ ಮಾಡಿದ್ರು, ನಿಮ್ಮವ್ವ ಏನ್ ಮಾಡಿದ್ರು’ ಎಂದೂ ಕೇಳಬೇಕು, ಅದನ್ನು ಈ ವರ್ಷವೇ ಕೇಳಬೇಕು.